ನಮ್ಮ ಸೀಮೆಯ ಎತ್ತಿನ ಋಣ

ಶ್ರೀಮಠದ ಮಹೋತ್ಸವದ ಈ ಸ್ಮರಣ ಗ್ರಂಥಕ್ಕೆ ನಮ್ಮ ಸೀಮೆಯ ಚರಿತ್ರೆಯನ್ನು ಕುರಿತು ಒಂದು ಲೇಖನವನ್ನು ಬರೆಯಬೇಕೆಂದು ಅಪ್ಪಣೆಯಾದಾಗ, ಯಾದಗಿರಿಯ ಕೋಟೆಯನ್ನು ವರ್ಣಿಸೋಣವೇ, ಸುರಪುರದ ನಾಯಕರ ಶೌರ್ಯವನ್ನು ಹೇಳೋಣವೇ ಎಂಬ ಆಲೋಚನೆಯು ಮೊದಲು ಮನಸ್ಸಿಗೆ ಬಂದಿತು. ಆದರೆ ಅವುಗಳನ್ನು ಕುರಿತು ಪಂಡಿತರು ಸಾಕಷ್ಟು ಬರೆದಿರುವರು. ಕೋಟೆಯೊಳಗಿನ ಕಣಜಕ್ಕೆ ಕಾಳು ಬಂದುದು ಹೇಗೆ? ನಾಯಕರ ದಂಡಿಗೆ ಮದ್ದುಗುಂಡು ಮುಟ್ಟಿದುದು ಹೇಗೆ? ಮಠದ ದಾಸೋಹಕ್ಕೆ ಜೋಳದ ಚೀಲಗಳು ಯಾರ ಬೆನ್ನ ಮೇಲೆ ಬಂದುವು? ಗದ್ದುಗೆಯ ಮುಂದಿನ ನಂದಾದೀಪಕ್ಕೆ ಎಣ್ಣೆಯನ್ನು ಹಿಂಡಿದವರು ಯಾರು? ಈ ಪ್ರಶ್ನೆಗಳನ್ನು ಕೇಳುತ್ತ ಹೋದರೆ ರಾಜರ ಹೆಸರುಗಳು ಹಿಂದೆ ಸರಿದು, ಒಕ್ಕಲಿಗನೂ ಅವನ ಎತ್ತೂ ಮುಂದೆ ಬಂದು ನಿಲ್ಲುವರು. ಆದುದರಿಂದ ಈ ಲೇಖನದಲ್ಲಿ ಆ ಮೂಕ ಪ್ರಾಣಿಯ ದುಡಿಮೆಯ ಲೆಕ್ಕವನ್ನು ತೆಗೆದು ನೋಡಬೇಕೆಂದು ಮಾಡಿರುವೆವು.

ಎತ್ತನ್ನು ನಾವು ಪೂಜಿಸಿರುವೆವು. ಬಸವ ಎಂಬ ಶಬ್ದವೇ ವೃಷಭ ಶಬ್ದದ ತದ್ಭವವಾಗಿದೆ. ನಮ್ಮ ಧರ್ಮದ ಮಹಾಪುರುಷರ ನಾಮವೂ ನಮ್ಮ ಕೊಟ್ಟಿಗೆಯ ಪಶುವಿನ ನಾಮವೂ ಒಂದೇ ಆಗಿರುವವು. ಆದರೆ ಪೂಜಿಸಿದಂತೆಯೇ ದುಡಿಸಿಯೂ ಇರುವೆವು. ಪೂಜೆಯ ಮಾತನ್ನು ಎಲ್ಲರೂ ಆಡುವರು; ದುಡಿಮೆಯ ಲೆಕ್ಕವನ್ನು ತೆಗೆಯುವವರು ಕಡಿಮೆ. ಲೆಕ್ಕವನ್ನು ತೆಗೆಯದೆ ಋಣವೆಷ್ಟೆಂಬದು ತಿಳಿಯುವಂತಿಲ್ಲ.

ಈ ಲೆಕ್ಕದ ಮೊದಲನೆಯ ಪುಟವು ಶಿಲಾಶಾಸನಗಳಿಗಿಂತಲೂ ಬಹಳ ಹಳೆಯದಾಗಿದೆ. ಕೃಷ್ಣಾ ಭೀಮಾ ನದಿಗಳ ನಡುವಿನ ಸುರಪುರ ಸೀಮೆಯಲ್ಲಿ ಬೂದಿಹಾಳ, ಕೊಡೇಕಲ್ಲು ಮೊದಲಾದ ಸ್ಥಳಗಳಲ್ಲಿ ಬೂದಿಯ ದೊಡ್ಡ ದಿಬ್ಬಗಳಿರುವವು. ಇಂಥ ದಿಬ್ಬಗಳು ಏನೆಂಬದನ್ನು ಕುರಿತು ಪಂಡಿತರಲ್ಲಿ ಬಹುಕಾಲ ವಾದ ನಡೆಯಿತು. ನಮ್ಮ ನೆರೆಯ ಮೆಹಬೂಬನಗರ ಪ್ರಾಂತದ ಉತ್ನೂರಿನಲ್ಲಿ 1957ರಲ್ಲಿ ಆಲ್ಚಿನ್ನರು ಅಗೆಸಿ ನೋಡಿದಾಗ ಬೂದಿಯ ಪದರುಗಳ ನಡುವೆ ದನಗಳ ಗೊರಸಿನ ಗುರುತುಗಳು ಕಂಡುವು. ಅವು ದನದ ದೊಡ್ಡಿಗಳೆಂದೂ, ಅಲ್ಲಿ ಕೂಡಿದ ಸಗಣಿಯನ್ನು ಕಾಲಕಾಲಕ್ಕೆ ಸುಟ್ಟುದರಿಂದ ದಿಬ್ಬಗಳಾದುವೆಂದೂ ಇದರಿಂದ ಸ್ಥಿರವಾಯಿತು. ಮುಂದೆ ಪುಣೆಯ ಡೆಕ್ಕನ್ ಕಾಲೇಜಿನ ಪದ್ದಯ್ಯನವರು ಕೊಡೇಕಲ್ಲಿನಲ್ಲಿಯೂ, 1989ರಿಂದ ಕೆಲವು ವರ್ಷ ಬೂದಿಹಾಳದಲ್ಲಿಯೂ ಅಗೆತ ನಡೆಸಿದರು. ಬೂದಿಹಾಳದಲ್ಲಿ ದೊಡ್ಡಿಯ ಪಕ್ಕದಲ್ಲಿಯೇ ಜನರ ವಸತಿ, ಕಲ್ಲಿನ ಆಯುಧಗಳನ್ನು ಮಾಡುವ ತಾಣ, ಪಶುಗಳನ್ನು ಕಡಿದ ನೆಲ ಇವೆಲ್ಲ ದೊರೆತಿರುವವು. ಇವೆಲ್ಲ ಇಂದಿಗೆ ಸುಮಾರು 4,000 ವರ್ಷಗಳ ಹಿಂದಿನವು. ಆ ಜನರು ದನವನ್ನು ಸಾಕಿದರು, ತಿಂದರು ಕೂಡ. ಚರಿತ್ರೆಯನ್ನು ಬರೆಯುವವನು ಇದನ್ನು ಮುಚ್ಚಿಡಲಾಗದು. ಆದರೆ ಈ ನೆಲದಲ್ಲಿ ಮನುಷ್ಯನು ನೆಲೆ ನಿಂತುದು ದನದ ಬೆನ್ನು ಹಿಡಿದೇ ಎಂಬದು ಇದರಿಂದ ವ್ಯಕ್ತವಾಗುವದು. ಅಷ್ಟಾವರಣಗಳಲ್ಲಿ ಒಂದಾದ ವಿಭೂತಿಯನ್ನು ನಾವು ಸಗಣಿಯನ್ನು ಸುಟ್ಟೇ ಮಾಡುತ್ತೇವೆ. ನಾವು ಹಣೆಗೆ ಹಚ್ಚಿಕೊಳ್ಳುವ ವಸ್ತುವೇ ನಮ್ಮ ಸೀಮೆಯ ಅತಿ ಹಳೆಯ ಚರಿತ್ರೆಯ ದಾಖಲೆಯೂ ಆಗಿರುವದು ವಿಚಾರಿಸತಕ್ಕ ಸಂಗತಿಯಾಗಿದೆ.

ಬೇರೆ ದೇಶಗಳಲ್ಲಿ ಕುದುರೆಯು ನೇಗಿಲನ್ನು ಎಳೆದಿದೆ. ಮರುಭೂಮಿಯಲ್ಲಿ ಒಂಟೆಯು ಹೊರೆಯನ್ನು ಹೊತ್ತಿದೆ. ಹಿಮದ ಬೆಟ್ಟಗಳಲ್ಲಿ ಚಮರೀಮೃಗವು ಆ ಕೆಲಸವನ್ನು ಮಾಡಿದೆ. ನಮ್ಮಲ್ಲಿ ಎತ್ತೇ ಏಕೆ ಎಂಬುದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು ಅದರ ಇಣಿ. ನೊಗವು ಇಣಿಯ ಮುಂದೆ ಕುಳಿತುಕೊಳ್ಳುವದರಿಂದ ಎಳೆತದ ಭಾರವೆಲ್ಲ ಹೆಗಲ ಮೇಲೆ ಬೀಳುವದು, ಉಸಿರು ಕಟ್ಟುವದಿಲ್ಲ. ಕುದುರೆಗೆ ಇಂಥ ಅನುಕೂಲವಿಲ್ಲ. ಯುರೋಪ ಖಂಡದಲ್ಲಿ ಮೆತ್ತೆಯುಳ್ಳ ಕೊರಳಪಟ್ಟಿಯು ಬಳಕೆಗೆ ಬಂದ ಮೇಲೆಯೇ ಕುದುರೆಯು ಒಕ್ಕಲುತನದ ಭಾರವನ್ನು ಚೆನ್ನಾಗಿ ಎಳೆಯಲು ಶಕ್ತವಾಯಿತು. ಎರಡನೆಯದು ಮೇವು. ಕುದುರೆಗೆ ಕಾಳು ಬೇಕು. ಎತ್ತು ಮನುಷ್ಯನು ತಿನ್ನಲಾರದುದನ್ನು ತಿಂದು ಮೆಲಕು ಹಾಕಿ ಬಲ ಪಡೆಯುವದು. ಜೋಳದ ತೆನೆಯು ಮನುಷ್ಯನಿಗೆ, ಕಣಿಕೆಯು ಎತ್ತಿಗೆ, ಎತ್ತಿನ ಸಗಣಿಯು ಹೊಲಕ್ಕೆ, ಹೊಲದಿಂದ ಮತ್ತೆ ಜೋಳ. ಎರೆ ಭೂಮಿಯ ಸಂಸಾರವೆಲ್ಲ ಈ ಒಂದು ಚಕ್ರದ ಮೇಲೆ ಸಾವಿರಾರು ವರ್ಷ ನಡೆಯಿತು.

ಎರೆ ಭೂಮಿಯನ್ನು ಉಳುವದು ಸಾಮಾನ್ಯ ಕೆಲಸವಲ್ಲ. ಬೇಸಗೆಯಲ್ಲಿ ಅದು ಬಿರಿದು ಕಲ್ಲಿನಂತಾಗುವದು. ಮಳೆಯಲ್ಲಿ ಅಂಟಾಗಿ ಕಾಲನ್ನು ಹಿಡಿಯುವದು. ಕರಿಕೆಯ ಬೇರು ಆಳಕ್ಕೆ ಇಳಿದ ಹೊಲಕ್ಕೆ ದೊಡ್ಡ ನೇಗಿಲನ್ನು ಹೂಡಬೇಕಾದರೆ ನಾಲ್ಕು ಜೋಡಿ ಎತ್ತುಗಳೂ ಬೇಕಾಗುತ್ತಿದ್ದುವು. ಅಷ್ಟು ಎತ್ತುಗಳು ಒಬ್ಬನ ಮನೆಯಲ್ಲಿ ಇರುವದು ಅಪರೂಪ; ಆದುದರಿಂದ ಒಕ್ಕಲಿಗರು ಮುಯ್ಯಿಯ ಪದ್ಧತಿಯಿಂದ ಒಬ್ಬರಿಗೊಬ್ಬರು ಎತ್ತುಗಳನ್ನು ಕೊಟ್ಟು ಕೊಂಡು ಉಳುತ್ತಿದ್ದರು. ಒಂದೇ ಎತ್ತುಳ್ಳ ಬಡವರಿಬ್ಬರು ಕೂಡಿ ಜೋಡಿ ಮಾಡಿಕೊಳ್ಳುತ್ತಿದ್ದರು. ಎತ್ತಿನ ಕೊರತೆಯೇ ಊರನ್ನು ಒಂದು ನೊಗದ ಕೆಳಗೆ ಕೂಡಿಸಿತು. ಉಳುಮೆ ಮುಗಿದರೆ ಕುಂಟೆ, ಕುಂಟೆಯ ಮೇಲೆ ಕೂರಿಗೆ, ಬೆಳೆ ಎದ್ದ ಮೇಲೆ ಎಡೆ, ಸುಗ್ಗಿಯಲ್ಲಿ ಕಣದ ಮೇಟಿಯ ಸುತ್ತ ಹಂತಿ, ರಾಶಿಯಾದ ಮೇಲೆ ಬಂಡಿ, ತೋಟವಿದ್ದವರಿಗೆ ಕಪಿಲೆ. ಹೀಗೆ ವರ್ಷದ ಹನ್ನೆರಡು ತಿಂಗಳೂ ಎತ್ತಿಗೆ ಕೆಲಸವಿತ್ತು. ರಾತ್ರಿಯ ಚಳಿಯಲ್ಲಿ ಹಂತಿ ಹೊಡೆಯುವವರು ನಿದ್ದೆಯನ್ನು ಗೆಲ್ಲುವದಕ್ಕಾಗಿ ಹಾಡಿದ ಹಂತಿಯ ಪದಗಳು ನಮ್ಮ ಜನಪದ ಸಾಹಿತ್ಯದ ಒಂದು ಭಾಗವೇ ಆಗಿರುವವು. ಎತ್ತಿಗೆ ಮೇವು ಹಾಕಿದ, ನೀರು ಕುಡಿಸಿದ, ಕೊಟ್ಟಿಗೆಯನ್ನು ಬಳಿದ, ಕುಳ್ಳು ತಟ್ಟಿದ ತಾಯಂದಿರ ದುಡಿಮೆಯನ್ನೂ ಈ ಲೆಕ್ಕದಲ್ಲಿ ಸೇರಿಸಲೇಬೇಕು. ಹೊಲದಲ್ಲಿ ಎತ್ತು ಗಂಡಸಿನ ಮಾತನ್ನು ಕೇಳಿದರೂ ಮನೆಯಲ್ಲಿ ಅದು ಕಾಯುತ್ತಿದ್ದುದು ಆ ತಾಯಿಯ ಹೆಜ್ಜೆಯ ಸಪ್ಪಳವನ್ನೇ.

ಹನ್ನೆರಡನೆಯ ಶತಮಾನದ ಶರಣರು ಈ ದುಡಿಮೆಯನ್ನು ಬಲ್ಲವರಾಗಿದ್ದರು. ನಮ್ಮ ಸೀಮೆಯ ಮುದನೂರಿನವರಾದ ದೇವರ ದಾಸಿಮಯ್ಯನವರು ನೇಕಾರರು. ಅನುಭಾವಿಗಳ ಆ ಸಮುದಾಯದಲ್ಲಿ ಒಕ್ಕಲುತನದ ಕಾಯಕದ ಒಕ್ಕಲಿಗ ಮುದ್ದಣ್ಣನವರೂ, ದನ ಕಾಯುವ ಕಾಯಕದ ತುರುಗಾಹಿ ರಾಮಣ್ಣನವರೂ, ಗಾಣದ ಕಾಯಕದ ಕಣ್ಣಪ್ಪನವರೂ ಇರುವರು. ಮುದ್ದಣ್ಣನವರ ವಚನಾಂಕಿತವು ‘ಕಾಮಭೀಮ ಜೀವಧನದೊಡೆಯ’ ಎಂದಿದೆ. ಜೀವಧನವೆಂದರೆ ದನಕರುಗಳು. ದೇವರನ್ನು ಕರೆಯಲು ಹೊನ್ನಿನ ಒಡೆಯನೆನ್ನದೆ, ಮಣ್ಣಿನ ಒಡೆಯನೆನ್ನದೆ, ಜೀವಧನದ ಒಡೆಯನೆಂದು ಕರೆದ ಆ ಶರಣರ ದೃಷ್ಟಿಯನ್ನು ವಾಚಕರು ಗಮನಿಸಬೇಕು. ಒಡೆಯನು ಶಿವನಾದರೆ ಒಕ್ಕಲಿಗನು ಕೊಟ್ಟಿಗೆಯ ಪಾರುಪತ್ಯಗಾರನು ಮಾತ್ರ ಆಗುವನು. ಪಾರುಪತ್ಯಗಾರನು ಲೆಕ್ಕ ಒಪ್ಪಿಸಲೇಬೇಕಲ್ಲವೇ?

ಆ ಕಾಲದ ಶಾಸನಗಳಲ್ಲಿ ‘ಹೇರು’ ಎಂಬ ಮಾತು ಮೇಲಿಂದ ಮೇಲೆ ಬರುವದು. ಹೇರೆಂದರೆ ಹೊರೆಯ ಎತ್ತಿನ ಬೆನ್ನ ಮೇಲಿನ ಒಂದು ಭಾರ. ಅಡಕೆಯ ಹೇರು, ಮೆಣಸಿನ ಹೇರು, ಭತ್ತದ ಹೇರು ಎಂದು ಹೇರಿನ ಲೆಕ್ಕದಿಂದ ಸುಂಕವನ್ನು ಎತ್ತುತ್ತಿದ್ದರು. ಆ ಸುಂಕದಲ್ಲಿ ದೇವಾಲಯಕ್ಕೂ ಮಠಕ್ಕೂ ಪಾಲನ್ನು ಬಿಡುತ್ತಿದ್ದರು. ಗಾಣಗಳಿಂದ ನಂದಾದೀಪಕ್ಕೆ ಎಣ್ಣೆಯನ್ನು ಬಿಟ್ಟ ದತ್ತಿಗಳೂ ಹೇರಳವಾಗಿರುವವು. ದಾನಿಯ ಹೆಸರು ಕಲ್ಲಿನ ಮೇಲೆ ಉಳಿಯಿತು. ಕಣ್ಣು ಕಟ್ಟಿಸಿಕೊಂಡು ಗಾಣವನ್ನು ಸುತ್ತಿದ ಎತ್ತಿನ ಹೆಸರು ಉಳಿಯಲಿಲ್ಲ. ಆದರೆ ದೀಪವು ಉರಿದುದು ಇಬ್ಬರಿಂದಲೂ.

ಇನ್ನು ದಂಡಿನ ಮಾತು. ಬಹಮನಿ ಮತ್ತು ವಿಜಯನಗರದ ಅರಸರು ಕುದುರೆಗಳಿಗಾಗಿ ಅಪಾರ ಧನವನ್ನು ವೆಚ್ಚ ಮಾಡಿದರು. ಅರಬಸ್ಥಾನದ ಕುದುರೆಗಳು ಪಶ್ಚಿಮ ಕರಾವಳಿಯ ರೇವುಗಳಲ್ಲಿ ಇಳಿದು ಘಟ್ಟವನ್ನು ಏರಿ ಬರುತ್ತಿದ್ದುವು. 1470ರ ಸುಮಾರಿಗೆ ಬೀದರಿನಲ್ಲಿದ್ದ ರಷ್ಯದ ವರ್ತಕ ಅಫನಾಸಿ ನಿಕಿತಿನನು ಕೂಡ ಒಂದು ಕುದುರೆಯನ್ನು ತಂದು ಮಾರಿದವನೇ. ಆದರೆ ಕುದುರೆಯ ದಂಡು ಮುಂದೆ ಹೋಗಬೇಕಾದರೆ ಹಿಂದೆ ಎತ್ತಿನ ಸಾಲು ನಡೆಯಲೇ ಬೇಕಾಗಿತ್ತು. ಕುದುರೆ ತಿನ್ನುವ ಹುರುಳಿಯನ್ನು ಹೊತ್ತುದೂ ಎತ್ತೇ, ತೋಪನ್ನು ಎಳೆದುದೂ ಎತ್ತೇ. 1705ರಲ್ಲಿ ಔರಂಗಜೇಬನು ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿ, ಪಿಡ್ಡ ನಾಯಕನ ಬೇಡ ವೀರರೊಡನೆ ತಿಂಗಳುಗಟ್ಟಲೆ ಹೆಣಗಿದನು. ಆ ಬಾದಶಹನು ತಾನೇ ಮುಂದೆ ನಿಂತು ನಡಿಸಿದ ಕೊನೆಯ ಮುತ್ತಿಗೆಯು ನಮ್ಮ ಸೀಮೆಯದೇ ಆಗಿದೆ. ಊರಿನಂತೆ ಚಲಿಸುತ್ತಿದ್ದ ಆ ಪಾಳೆಯಕ್ಕೆ ಅನ್ನವನ್ನು ಮುಟ್ಟಿಸುವದು ಆನೆ ಕುದುರೆಗಳಿಂದ ಆಗುವ ಕೆಲಸವಾಗಿರಲಿಲ್ಲ.

ಆ ಕೆಲಸವನ್ನು ಮಾಡಿದವರು ಲಂಬಾಣಿಗರು. ಹದಿನೇಳನೆಯ ಶತಮಾನದಲ್ಲಿ ಹಿಂದುಸ್ಥಾನದಲ್ಲಿ ಸಂಚರಿಸಿದ ಫ್ರೆಂಚ ವರ್ತಕ ತಾವೆರ್ನಿಯೆಯು 10,000, 12,000 ಎತ್ತುಗಳ ಹೇರಾಟದ ತಂಡಗಳನ್ನು ವರ್ಣಿಸಿರುವನು. ಅಕ್ಕಿ, ಕಾಳು, ಉಪ್ಪುಗಳನ್ನು ಹೊತ್ತ ಇಂಥ ಸಾಲು ಎದುರಾದರೆ ದಾರಿಹೋಕರು ಅದು ಸಾಗಿ ಹೋಗುವ ವರೆಗೆ ಎರಡು ಮೂರು ದಿನ ಕಾಯಬೇಕಾಗುತ್ತಿತ್ತೆಂದು ಅವನು ಹೇಳಿರುವನು. ಯಾವ ಅರಸನ ದಂಡು ಬಂದರೂ ಲಂಬಾಣಿಗರ ಎತ್ತುಗಳಿಗೆ ದಾರಿ ಬಿಡಬೇಕಾಗಿತ್ತು. ಏಕೆಂದರೆ ಎರಡೂ ಪಕ್ಷದವರಿಗೆ ಅವರಿಂದಲೇ ಅನ್ನ. ಇಂದು ಯಾದಗಿರಿ, ಶಹಾಪುರ, ಸುರಪುರಗಳ ಸುತ್ತ ಕಾಣುವ ತಾಂಡೆಗಳ ಹಿರಿಯರು ಹೀಗೆ ದಖ್ಖಣವನ್ನು ಉಣಿಸಿದವರ ಸಂತತಿಯವರೆಂಬದನ್ನು ನಾವು ಮರೆಯಬಾರದು.

1871ರಲ್ಲಿ ಮುಂಬಯಿಯ ಕಡೆಯಿಂದಲೂ ಮದರಾಸಿನ ಕಡೆಯಿಂದಲೂ ಬಂದ ಉಗಿಬಂಡಿಯ ಹಳಿಗಳು ರಾಯಚೂರಿನಲ್ಲಿ ಕೂಡಿದುವು. ಆ ಹಳಿಯ ಮೇಲೆ ಯಾದಗಿರಿಯೂ ಒಂದು ನಿಲ್ದಾಣವಾಯಿತು. ಉಗಿಯಂತ್ರವನ್ನು ಸುಧಾರಿಸಿದ ಜೇಮ್ಸ ವ್ಯಾಟನು ಅದರ ಬಲವನ್ನು ಜನರಿಗೆ ತಿಳಿಯಪಡಿಸಲು ಕುದುರೆಯ ದುಡಿಮೆಯನ್ನೇ ಅಳತೆಯಾಗಿ ಇಟ್ಟುಕೊಂಡಿದ್ದನು. ಅಶ್ವಶಕ್ತಿಯೆಂಬ ಆ ಅಳತೆಯು ಇಂದಿನ ಟ್ರ್ಯಾಕ್ಟರಿನ ಮೇಲೂ ಇದೆ. ಪಶುವನ್ನು ಕೆಲಸದಿಂದ ಬಿಡಿಸಿದ ಯಂತ್ರವು ಪಶುವಿನ ಹೆಸರಿನಿಂದಲೇ ತನ್ನ ಬಲವನ್ನು ಹೇಳಿಕೊಳ್ಳುತ್ತಿರುವದು!

ಉಗಿಬಂಡಿ ಬಂದುದರಿಂದ ಎತ್ತಿನ ಕೆಲಸವು ಒಮ್ಮೆಲೆ ತೀರಲಿಲ್ಲ. ಅದರ ದಾರಿ ಬದಲಾಯಿತು. ಸುರಪುರ ಶಹಾಪುರಗಳಿಗೆ ಹಳಿ ಬರಲಿಲ್ಲ. ಅಲ್ಲಿಯ ಹತ್ತಿ, ಶೇಂಗಾ, ತೊಗರಿಗಳು ಬಂಡಿಯಲ್ಲಿ ಭೀಮೆಯನ್ನು ದಾಟಿ ಯಾದಗಿರಿಯ ನಿಲ್ದಾಣಕ್ಕೆ ಬರಬೇಕಾಗಿತ್ತು. ಸುರಪುರದಿಂದ ಅದು ಎರಡು ದಿನದ ಬಂಡಿದಾರಿ. ದಾರಿ ಹಸನಾದಲ್ಲಿ ಜೋಡಿ ಹೇರೆತ್ತು ಹೊರುವದರ ಮೂರು ನಾಲ್ಕು ಮಡಿ ಭಾರವನ್ನು ಅದೇ ಜೋಡಿಯು ಬಂಡಿಯಲ್ಲಿ ಎಳೆಯಬಲ್ಲದು. ಆದುದರಿಂದ ಬಂಡಿಯ ಒಕ್ಕಲಿಗನಿಗೆ ಲಾಭವಾಯಿತು, ಬಡಿಗ ಕಮ್ಮಾರರಿಗೆ ಕೆಲಸ ಹೆಚ್ಚಿತು. ದೂರದ ಹೇರಾಟವನ್ನೇ ನಂಬಿದ್ದ ಲಂಬಾಣಿಗರ ಬದುಕು ಮುರಿಯಿತು. ಅದೇ 1871ರಲ್ಲಿ ಬ್ರಿಟಿಷ ಸರಕಾರವು ‘ಅಪರಾಧಿ ಜನಾಂಗ’ಗಳ ಕಾಯದೆಯನ್ನು ಮೊದಲು ಉತ್ತರ ಪ್ರಾಂತಗಳಿಗೆ ತಂದಿತು. ಮುಂದೆ ಅದು ಹಬ್ಬಿ ಅಲೆಮಾರಿ ಜನರ ಎಷ್ಟೋ ಗುಂಪುಗಳಿಗೆ ಕಳಂಕವನ್ನು ಹಚ್ಚಿತು. ಆ ಕಾಯದೆ ತೀರಿದುದು 1952ರಲ್ಲಿ. ಎತ್ತಿನ ಕೆಲಸವು ಹೋದಾಗ ಎತ್ತಿನೊಡನೆ ಬಾಳಿದ ಮನುಷ್ಯನ ಮಾನವೂ ಹೋಗಬಹುದೆಂಬುದಕ್ಕೆ ಇದಕ್ಕಿಂತ ಕಠಿಣವಾದ ಉದಾಹರಣೆಯು ಬೇಡ.

ಹಳಿ ಬಂದ ಕೆಲವೇ ವರ್ಷಗಳಲ್ಲಿ, ಎಂದರೆ 1876ರಿಂದ 1878ರ ವರೆಗೆ, ದಖ್ಖಣದಲ್ಲಿ ಘೋರವಾದ ಕ್ಷಾಮವುಂಟಾಯಿತು. ಉಗಿಬಂಡಿಯು ಕಾಳನ್ನು ತರಬಲ್ಲದಾಗಿತ್ತು. ಹಳ್ಳಿಹಳ್ಳಿಯ ದನಕ್ಕೆ ಬೇಕಾದಷ್ಟು ಮೇವನ್ನು ತರಲಾರದಾಗಿತ್ತು. ಬರದಲ್ಲಿ ಮೊದಲು ತೀರುವದು ಮೇವು, ಆ ಮೇಲೆ ಬೀಳುವದು ಎತ್ತು. ಮರು ವರ್ಷ ಮಳೆ ಬಂದರೂ ಬಿತ್ತಲು ಜೋಡಿಯಿಲ್ಲದ ಒಕ್ಕಲಿಗನಿಗೆ ಬರವು ಮುಗಿದಂತಾಗುವದಿಲ್ಲ. ಎತ್ತು ಸತ್ತ ಮನೆಯಲ್ಲಿ ಮನುಷ್ಯರು ಸತ್ತಂತೆ ಅಳುತ್ತಿದ್ದುದು ಮಮತೆಯಿಂದ ಮಾತ್ರವೇ ಅಲ್ಲ, ಮುಂದಿನ ವರ್ಷದ ಅನ್ನವೂ ಅದರೊಡನೆ ಹೋಯಿತೆಂಬ ದುಃಖದಿಂದಲೂ ಹೌದು.

ನಮ್ಮ ಸೀಮೆಯು ಹೈದರಾಬಾದ ಸಂಸ್ಥಾನದಲ್ಲಿದ್ದ ಕಾಲದ ಇನ್ನೊಂದು ಸಂಗತಿಯನ್ನೂ ಹೇಳಬೇಕಾಗಿದೆ. ಅದು ಬಿಟ್ಟಿ. ಅಧಿಕಾರಿಗಳ ಸವಾರಿ ಬಂದರೆ ಬಡವನು ತನ್ನ ಕೆಲಸವನ್ನು ಬಿಟ್ಟು ಬಂಡಿ ಹೂಡಬೇಕು, ಹೊರೆ ಹೊರಬೇಕು, ಕೂಲಿಯನ್ನು ಕೇಳುವಂತಿರಲಿಲ್ಲ. ಬಂಡಿಯಿಲ್ಲದವನು ತಾನೇ ಹೇರೆತ್ತಾಗಬೇಕಾಗುತ್ತಿತ್ತು. ಬಿತ್ತುವ ಹದದಲ್ಲಿ ಎರಡು ದಿನ ಎತ್ತು ಹೋದರೆ ಆ ವರ್ಷದ ಬೆಳೆಯೇ ಹೋಯಿತು. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿದುದರ ಸಂತೋಷವು ಹಳ್ಳಿಯ ಬಡವನಿಗೆ ಹೇಗೆ ತಿಳಿದಿರಬೇಕೆಂದು ಕೇಳಿದರೆ, ತನ್ನ ಎತ್ತಿನ ಹಗ್ಗವು ಇನ್ನು ತನ್ನ ಕೈಯಲ್ಲಿಯೇ ಇರುವದೆಂಬ ಧೈರ್ಯದಿಂದ ಎಂದು ಹೇಳಬೇಕಾಗುವದು.

ನಮ್ಮ ಹಿರಿಯರು ಎತ್ತಿಗೆ ಏನನ್ನು ಕೊಟ್ಟರು? ಸೋಮವಾರದ ದಿನ ನೊಗ ಹೂಡಬಾರದೆಂಬ ಕಟ್ಟಳೆಯನ್ನು ಕೊಟ್ಟರು. ಕಾರ ಹುಣ್ಣಿಮೆಯಲ್ಲಿ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಹೋಳಿಗೆ ಉಣಿಸಿ, ಸಂಜೆಗೆ ಅಗಸಿಯ ಮುಂದೆ ಕರಿ ಹರಿಸಿದರು. ಬಿಳಿಯ ಎತ್ತು ಮುಂದಾದರೆ ಹಿಂಗಾರಿ, ಕಂದು ಎತ್ತು ಮುಂದಾದರೆ ಮುಂಗಾರಿ ಒಳ್ಳೆಯದೆಂದು ನಂಬಿದರು. ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಎತ್ತಿಲ್ಲದವನ ಮನೆಯಲ್ಲಿಯೂ ಮಣ್ಣಿನ ಜೋಡಿಗೆ ಪೂಜೆಯಾಯಿತು. ಇವೆಲ್ಲ ಸತ್ಯ. ಬಾರಕೋಲಿನ ಮೊನೆಯೂ, ಹೆಗಲ ಹುಣ್ಣೂ, ಮುದಿಯಾದ ಎತ್ತನ್ನು ಸಂತೆಗೆ ಹೊಡೆದುಕೊಂಡು ಹೋದುದೂ ಅಷ್ಟೇ ಸತ್ಯ. ಭಾರತ ಸರಕಾರವು 1965ರಲ್ಲಿ ಎಳೆಯುವ ಮತ್ತು ಹೊರುವ ಪಶುಗಳಿಗಾಗಿ ನಿಯಮಗಳನ್ನು ಮಾಡಿತು. ದಿನಕ್ಕೆ ಒಟ್ಟು 9 ತಾಸಿಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಒಂದೇ ಸಮನೆ 5 ತಾಸಿಗಿಂತ ಹೆಚ್ಚು ದುಡಿಸಕೂಡದು. ಬಿಸಿಲು 37 ಡಿಗ್ರಿ ಸೆಲ್ಸಿಯಸಿಗಿಂತ ಹೆಚ್ಚಾದಲ್ಲಿ ಮಧ್ಯಾಹ್ನ 12ರಿಂದ 3ರ ವರೆಗೆ ಹೂಡಕೂಡದು ಎಂದು ಅವು ವಿಧಿಸುವವು. ನಮ್ಮ ಸೀಮೆಯ ಬೇಸಗೆಯನ್ನು ಬಲ್ಲವರಿಗೆ ಈ ಕೊನೆಯ ನಿಯಮದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೋಮವಾರದ ಕಟ್ಟಳೆಯನ್ನು ಮಾಡಿದ ಹಿರಿಯರ ಬುದ್ಧಿಯೂ ಈ ನಿಯಮಗಳ ಬುದ್ಧಿಯೂ ಒಂದೇ: ದುಡಿಯುವ ಜೀವಕ್ಕೆ ವಿಶ್ರಾಂತಿಯು ಭಿಕ್ಷೆಯಲ್ಲ, ಹಕ್ಕು.

ಈಗ ಕಾಲವು ಪೂರ್ತಿಯಾಗಿ ಬದಲಾಗಿದೆ. ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಅಣೆಕಟ್ಟು 1982ರಲ್ಲಿ ಪೂರ್ಣವಾಯಿತು. ಅದಕ್ಕೆ ಬಸವಸಾಗರವೆಂದು ಹೆಸರು. ಅದರ ಎಡದಂಡೆಯ ಕಾಲುವೆಯಿಂದ ಸುರಪುರ ಶಹಾಪುರಗಳ ಎರೆ ಹೊಲಗಳು ಭತ್ತದ ಗದ್ದೆಗಳಾದುವು. ಗದ್ದೆಯೊಡನೆ ಟ್ರ್ಯಾಕ್ಟರೂ ಬಂದಿತು. ಬಸವನ ಹೆಸರಿನ ನೀರು ಬಂದು ಹೊಲದ ಬಸವನು ಹಿಂದೆ ಸರಿದನು. ಇದನ್ನು ದೂರಿ ಫಲವಿಲ್ಲ. ನೀರಿನಿಂದ ಬಡವರ ಮನೆಗೆ ಅನ್ನ ಬಂದಿದೆ, ಎತ್ತಿನ ಹೆಗಲಿನ ಭಾರವೂ ಇಳಿದಿದೆ. 1960ರ ಸುಮಾರಿಗೆ ಭಾರತದ ಒಕ್ಕಲುತನಕ್ಕೆ ಬೇಕಾದ ಬಲದಲ್ಲಿ ಮುಕ್ಕಾಲು ಪಾಲಿಗೆ ಕಡಿಮೆಯಿಲ್ಲದಷ್ಟು ಪಶುಗಳದಾಗಿತ್ತು. ಈಗ ಅದು ಹತ್ತರಲ್ಲಿ ಒಂದು ಪಾಲೂ ಉಳಿದಿಲ್ಲ. ಎರೆ ಭೂಮಿಯ ಭಾರವಾದ ಕೆಲಸಕ್ಕೆಂದೇ ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳೆಸಿದ ಕೃಷ್ಣಾ ಕಣಿವೆಯ ತಳಿಯ ಎತ್ತುಗಳು ಇಂದು ಅತಿ ವಿರಳವಾಗಿರುವವು. 4,000 ವರ್ಷಗಳ ಸಹವಾಸವು ಎರಡು ತಲೆಮಾರುಗಳಲ್ಲಿ ಮುಗಿಯುತ್ತ ಬಂದಿದೆ.

ಹಾಗಾದರೆ ಋಣವೂ ಮುಗಿಯಿತೇ? ಇದೇ ಈ ಲೇಖನದ ಪ್ರಶ್ನೆ. ಕೆಲಸವಿದ್ದಾಗ ಮಾಡಿದ ಪೂಜೆಯಲ್ಲಿ ಸ್ವಾರ್ಥದ ಅಂಶವೂ ಇರಬಹುದು. ಕೆಲಸವು ತೀರಿದ ಮೇಲೆ ಉಳಿಯುವ ಪೂಜೆಯೇ ನಿಜವಾದ ಪರೀಕ್ಷೆ. ಹಾಲು ಕೊಡುವ ಆಕಳಿಗೆ ಗೋಶಾಲೆಯನ್ನು ಕಟ್ಟಿಸುವ ದಾನಿಗಳು ಉಂಟು. ಹಾಲು ಕೊಡದ, ಕರುವನ್ನು ಈಯದ, ಹೆಗಲು ಸವೆದ ಮುದಿ ಎತ್ತಿಗೆ ನೆಳಲನ್ನು ಕೊಡುವವರು ಯಾರು? ಅದರ ಮೇವಿನ ವೆಚ್ಚವನ್ನೆಲ್ಲ ಬಡ ಒಕ್ಕಲಿಗನ ಮೇಲೆ ಹಾಕಿ, ಅವನು ಹಗ್ಗವನ್ನು ಬೇರೊಬ್ಬರ ಕೈಗೆ ಕೊಟ್ಟಾಗ ಅವನನ್ನೇ ನಿಂದಿಸುವದು ಧರ್ಮವಲ್ಲ. ಅವನ ಎತ್ತು ಉತ್ತ ಹೊಲದ ಜೋಳವನ್ನು ನಾವೆಲ್ಲರೂ ಉಂಡಿರುವೆವು. ಆದುದರಿಂದ ಆ ವೆಚ್ಚವೂ ನಮ್ಮೆಲ್ಲರದೇ ಆಗಬೇಕು. ಹೊಲದ ಕಾಳನ್ನು ಹಕ್ಕಿಗಳಿಗೆ ಬಿಟ್ಟರೆಂದು ಭಕ್ತರು ಕೊಂಡಾಡುವ ಕಲಬುರ್ಗಿಯ ಶ್ರೀ ಶರಣಬಸವೇಶ್ವರರ ನಾಡಿನಲ್ಲಿ ದಾಸೋಹವೆಂಬದು ಮನುಷ್ಯರ ಪಂಕ್ತಿಗೆ ಮಾತ್ರ ಸೀಮಿತವಾದುದಲ್ಲ.

ಆದ ಕಾರಣ ಶ್ರೀಮಠದ ಪಾದಕ್ಕೂ ಭಕ್ತ ಸಮೂಹಕ್ಕೂ ಮೂರು ಬಿನ್ನಹಗಳನ್ನು ಮಾಡುತ್ತೇನೆ. ಶ್ರೀಮಠದ ಭೂಮಿಯಲ್ಲಿ ದುಡಿದು ಮುದಿಯಾದ ಎತ್ತುಗಳಿಗಾಗಿ ಒಂದು ಕೊಟ್ಟಿಗೆಯಾಗಲಿ; ಸುಗ್ಗಿಯಲ್ಲಿ ಭಕ್ತರು ಜೋಳದ ಜೊತೆಗೆ ಒಂದೊಂದು ಸಿವುಡು ಕಣಿಕೆಯನ್ನೂ ಕಾಣಿಕೆಯಾಗಿ ತರಲಿ. ಕೃಷ್ಣಾ ಕಣಿವೆಯ ತಳಿಯ ಒಂದೆರಡು ಜೋಡಿಗಳಾದರೂ ಅಲ್ಲಿ ಬೆಳೆಯಲಿ. ಹಂತಿಯ ಪದಗಳನ್ನೂ, ನೊಗ, ಮಿಣಿ, ಕೂರಿಗೆ, ಕುಂಟೆಗಳ ಅಂಗಾಂಗಗಳ ಹೆಸರುಗಳನ್ನೂ ಬಲ್ಲ ಹಿರಿಯರು ಇರುವಾಗಲೇ ತರುಣರು ಅವನ್ನು ಕೇಳಿ ಬರೆದಿಡಲಿ. ತಾಂಡೆಗಳ ಹಿರಿಯರನ್ನೂ ಕೇಳಲಿ.

ನಾವು ದೇವಾಲಯದಲ್ಲಿ ಕಲ್ಲಿನ ನಂದಿಯ ಕೋಡುಗಳ ನಡುವಿನಿಂದ ಶಿವನನ್ನು ನೋಡುವ ರೂಢಿಯವರು. ನಮ್ಮ ಚರಿತ್ರೆಯನ್ನು ನೋಡುವದೂ ಹಾಗೆಯೇ ಇರತಕ್ಕದ್ದು. ಜೀವವಿರುವ ಬಸವನ ಕೋಡುಗಳ ನಡುವಿನಿಂದ ನೋಡಿದರೆ ಈ ಸೀಮೆಯಲ್ಲಿ ಕಾಣುವದು ಬೂದಿಹಾಳದ ದೊಡ್ಡಿಯಿಂದ ಬಸವಸಾಗರದ ಕಾಲುವೆಯ ವರೆಗೆ ನಡೆದ ಒಂದೇ ಗೊರಸಿನ ಹಾದಿ. ಆ ಹಾದಿಯಲ್ಲಿ ನಡೆದ ಮೂಕ ಜೀವಗಳಿಗೆಲ್ಲ ಶರಣೆಂದು ಈ ಅಲ್ಪ ಸೇವೆಯನ್ನು ಮುಗಿಸುತ್ತೇನೆ. ಶಿವಾರ್ಪಣಮಸ್ತು.